ಅತ್ತೆಯ ಮೊಣಕಾಲು ನೋವು ಕಣ್ಣಿಗೆ ಕಂಡಾಗ

“ಹಂಗಾರ ನಾ ಸುಳ್ಳು ಹೇಳಿದ್ದಿಲ್ಲೇನ್ರೀ?” ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದ್ದ ನಮ್ಮತ್ತೆ ಡಾಕ್ಟರನ್ನು ಹೀಗೆ ಕೇಳಿದಾಗ, ಪಕ್ಕದಲ್ಲೇ ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಹಿಂದೊಮ್ಮೆ ಎಕ್ಸ್‌ರೇ ನೋಡಿದ ಬೇರೊಬ್ಬ ಡಾಕ್ಟರು, ಮೊಣಕಾಲು ಸ್ವಲ್ಪ ಸವೆದಿದೆ, ವಯಸ್ಸಾದವರಿಗೆ ಇದ್ದದ್ದೇ ಎಂದಿದ್ದರು. ಆಮೇಲೂ ಅತ್ತೆ ನೋವು ನೋವು ಎನ್ನುತ್ತಿದ್ದಾಗ, “ಕೆಲಸ ಬಂದಾಗಷ್ಟ ನೋಯ್ತದೇನು?” ಎಂದುಬಿಟ್ಟಿದ್ದೆ. ಅಂದಿನಿಂದ ಅವರು ಆ ಮಾತನ್ನೇ ಎತ್ತಿರಲಿಲ್ಲ. ಒಂದು ದಿನ ಬಚ್ಚಲಲ್ಲಿ ಕುಳಿತವರು ಏಳಲಾಗದೆ ನನ್ನನ್ನು ಕೂಗಿದರು. ಹೆದರಿ ನಮ್ಮೂರು ತುರ್ವಿಹಾಳದಿಂದ ಸಿಂಧನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಮೊಣಕಾಲಿಗೆ ಜೆಲ್ ಹಚ್ಚಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪಗೆ ಕಾಣುವುದು ಕೀಲಿನಲ್ಲಿ ತುಂಬಿದ ನೀರು, ಕೆಂಪಗೆ ಮಿನುಗುವುದು ಉರಿಯೂತ ಎಂದು ತೋರಿಸಿ, ಗೆರೆ ಎಳೆದು ಅಳೆದರು. “ಇಷ್ಟು ಬಾವು ಇಟ್ಕೊಂಡು ಹೆಂಗ ಅಡ್ಡಾಡಿದ್ರೀ ಅಮ್ಮಾ?” ಎಂದರು. ತಾವು ಸುಳ್ಳು ಹೇಳಿರಲಿಲ್ಲ ಅಲ್ಲವೇ ಎಂದು ಅತ್ತೆ ಕೇಳಿದ್ದು ಆಗಲೇ. ಅವರ ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು.

“ತಪ್ಪಾತು ಅತ್ತಿ” ಎನ್ನುತ್ತಾ ಕಾಲಿಗಂಟಿದ ಜೆಲ್ ಒರೆಸಿದೆ. ಅವರು ನನ್ನ ಕೈ ಹಿಡಿದುಕೊಂಡರು. “ನಿನಗರ ಹೆಂಗ ಗೊತ್ತಾಗಬೇಕವ್ವಾ? ನೋವು ಒಳಗ ಇತ್ತು.”

ಗುಳಿಗೆ, ವ್ಯಾಯಾಮದಿಂದ ಈಗ ಬಾವು ಇಳಿದಿದೆ; ಸವೆದದ್ದು ಮರಳುವುದಿಲ್ಲವಂತೆ. ಒಂದೊಂದು ದಿನ ಅತ್ತೆ, “ಇವತ್ತು ಭಾಳ ನೋಯಾಕತ್ತೈತಿ ನೋಡವಾ” ಎನ್ನುತ್ತಾರೆ. ನನ್ನ ಮುಂದೆ ಅವರು ಮತ್ತೆ ಹಾಗೆ ಹೇಳುತ್ತಿದ್ದಾರಲ್ಲ ಎಂಬುದೇ ನನಗೆ ಸಮಾಧಾನ.