ಟಿವಿಯಲ್ಲಿ ಬಂದ ಸೂತಕ

ಹಳೆಯ ಟಿವಿಯ ಗಾಜಿನ ಮೇಲೆ, ಕೆಳಗೆ ಎಡಕ್ಕೆ, ತೋರುಬೆರಳಿನ ಅಗಲದ ಸುಣ್ಣದ ಕಲೆ. ಕಳೆದ ಭಾನುವಾರ ಗುಜರಿಯವನಿಗೆ ಕೊಡಲೆಂದು ಅಪ್ಪ ಅದನ್ನು ಜಗಲಿಗೆ ತಂದಿಟ್ಟಾಗ ಬಿಸಿಲು ಓರೆಯಾಗಿ ಬಿದ್ದು ಕಾಣಿಸಿತು. ಅಮ್ಮ ಎಷ್ಟೋ ಸಲ ಒರೆಸಿದ್ದಾಳೆ; ಪೂರ್ತಿ ಹೋಗಿಲ್ಲ. ಬೆರಳು ಅಜ್ಜಿಯದು. ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಎದ್ದುಹೋಗಿ ಗಾಜು ಮುಟ್ಟಿದ್ದು ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಹುತ್ತೂರು ಕಡೆಯ ನಮ್ಮ ಮನೆಗೆ ಕರೆದೊಯ್ಯಬೇಕು. ಚಪ್ಪಲಿ ಹೊರಗೇ ಬಿಡಿ. ಅದು ರೇಷ್ಮೆ ಹುಳು ಸಾಕುವ ಮನೆ.

ಹುಳುವಿನಷ್ಟು ನಾಜೂಕಿನ ನೆಂಟರನ್ನು ನಾನು ಬೇರೆ ಕಂಡಿಲ್ಲ. ಒಗ್ಗರಣೆಯ ಘಾಟು ಆಗದು, ಬೀಡಿಯ ಹೊಗೆ ಆಗದು, ಕಾಲೇಜು ಸೇರಿದ ಹುರುಪಿನಲ್ಲಿ ನಾನು ಕೊಂಡ ಸೆಂಟಂತೂ ಆಗಲೇ ಆಗದು. ಅಜ್ಜಿಯ ಪ್ರಕಾರ ಎಲ್ಲಕ್ಕಿಂತ ಆಗದ್ದು ಸಾವು. ಸಾವಿನ ಮನೆಗೆ ಹೋಗಿಬಂದವರು, ನೆಂಟರ ಸಾವಿನ ಸುದ್ದಿ ಕೇಳಿದವರು, ತಲೆಗೆ ನೀರು ಹಾಕಿಕೊಳ್ಳದೆ ಹುಳುಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಆಗ ನಾನು ಪಿಯುಸಿ. ಮನೆಗೆ ಕೇಬಲ್ ಬಂದು ಸ್ವಲ್ಪ ದಿನವಾಗಿತ್ತು. ಮೂಲೆಯಲ್ಲಿ ಕೆಂಪಗೆ ‘ನೇರ ಪ್ರಸಾರ’ ಎಂದು ಬಂದರೆ ಅದು ಈಗಲೇ ನಡೆಯುತ್ತಿರುವುದು ಎಂದು ಅಜ್ಜಿಗೆ ಪಾಠ ಹೇಳಿದವಳು ನಾನೇ. ಓದು ಬಾರದ ಅಜ್ಜಿ ಆ ಕೆಂಪು ಬಣ್ಣವನ್ನು ಗುರುತಿಟ್ಟುಕೊಂಡಳು. ಗುರುವಾದ ಗರ್ವ ನನಗೆ.

ಒಂದು ದಿನ ದೂರದ ರಾಜ್ಯದಲ್ಲಿ ರೈಲೊಂದು ಸೇತುವೆಯಿಂದ ಕೆಳಗೆ ಬಿತ್ತು. ದೇಶವೆಲ್ಲ ಟಿವಿಯ ಮುಂದೆ ಕೂತಿತು, ನಾವೂ ಕೂತೆವು. ನುಜ್ಜುಗುಜ್ಜಾದ ಬೋಗಿಗಳು, ಬಿಳಿ ಬಟ್ಟೆ ಹೊದಿಸಿದ ಸಾಲುಗಳು. ನಡುವೆ, ಹಳಿಯ ಪಕ್ಕದ ಜಲ್ಲಿಯ ಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಸುತ್ತ ಜನ ಓಡಾಡುತ್ತಿದ್ದರು. ಯಾರೂ ಅವಳ ಕಡೆ ತಿರುಗಲಿಲ್ಲ. ಚಾನೆಲ್‌ನವರು ಆ ಚಿತ್ರವನ್ನೇ ಮತ್ತೆ ಮತ್ತೆ ತೋರಿಸಿದರು. ಮೂಲೆಯ ಕೆಂಪು ಅಕ್ಷರ ಮಾತ್ರ ಹೋಗಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಟಿವಿಯೊಳಗಿನ ಆ ಹೆಂಗಸಿನ ಮೇಲೆ ಸುಣ್ಣದ ಬೆರಳಿಟ್ಟಳು.

“ಬೆಳಗ್ಗೆಯಿಂದ ಹಿಂಗೇ ಕೂತವ್ಳೆ ತಾಯೀ. ಒಂದು ಲೋಟ ನೀರು ಕೊಡೋರು ಇಲ್ವಾ ಅಲ್ಲಿ?”

ನನ್ನ ಪಾಠವನ್ನು ನಾನೇ ತಿದ್ದಬೇಕಾಯಿತು. “ಅದು ಬೆಳಗ್ಗೆ ತೆಗೆದಿದ್ದು ಅಜ್ಜಿ. ಅದನ್ನೇ ತಿರುಗಿಸಿ ತಿರುಗಿಸಿ ಹಾಕ್ತಾರೆ. ಇಷ್ಟೊತ್ತಿಗೆ ಎದ್ದು ಹೋಗಿರ್ತಾಳೆ.”

“ಎದ್ದೋಗಿದ್ದು ನೀನು ನೋಡಿದ್ಯೇನೇ?”

ನಾನು ನೋಡಿರಲಿಲ್ಲ. ಅಜ್ಜಿ ಮತ್ತೆ ಕೂತಳು. ಆ ಹೆಂಗಸಿಗೆ ಯಾರಾದರೂ ನೀರು ಕೊಡುವುದನ್ನು ಕಾಣುವವರೆಗೆ ಏಳುವುದಿಲ್ಲವೆಂದು ಅವಳ ಬೆನ್ನೇ ಹೇಳುತ್ತಿತ್ತು.

ಅತ್ತ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಎಂದರೆ ಗಾಬರಿಯಾಗಬೇಡಿ, ಪೊರೆ ಬಿಡುವ ಮುಂಚಿನ ನಿದ್ದೆ. ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಅವಕ್ಕೆ ಸಾಲದು. ಅಪ್ಪ ಎರಡು ಸಲ ಕೂಗಿದ, ಮೂರನೆಯ ಸಲ ಬಂದು ಟಿವಿ ಆರಿಸಿದ. ಅಜ್ಜಿ ಜಗಳವಾಡಲಿಲ್ಲ. ನೆಟ್ಟಗೆ ಬಚ್ಚಲಿಗೆ ಹೋಗಿ, ತಣ್ಣೀರನ್ನೇ ತಲೆಗೆ ಸುರಿದುಕೊಂಡು, ನೀರು ತೊಟ್ಟಿಕ್ಕುವ ಕೂದಲಲ್ಲೇ ಹುಳುಮನೆಗೆ ನಡೆದಳು. ಸೊಪ್ಪಿನ ಹೊರೆ ಇಳಿಸಲು ಬಂದಿದ್ದ ಪಕ್ಕದ ಮನೆಯ ಮುನಿಯಮ್ಮ ಯಾರು ಹೋದರೆಂದು ಗಾಬರಿಯಿಂದ ವಿಚಾರಿಸಿದಳು. ವಿಷಯ ತಿಳಿದು ನಕ್ಕಳು.

“ಧಾರಾವಾಹೀಲಿ ದಿನಾ ಒಬ್ರು ಸಾಯ್ತಾರೆ ಅಕ್ಕಾ. ದಿನಾ ತಲೆಗೆ ನೀರು ಹಾಕ್ಕೊಂತೀಯಾ?”

“ಅವ್ರು ನಾಳೆ ಇನ್ನೊಂದ್ರಲ್ಲಿ ಬರ್ತಾರೆ ಕಣೇ,” ಎಂದಳು ಅಜ್ಜಿ. “ಇವ್ರು ಬರಲ್ಲ.”

ಊರಲ್ಲಿ ಇದು ‘ಟಿವಿ ಸೂತಕ’ ಎಂದು ಬಹಳ ದಿನ ಹಾಸ್ಯವಾಗಿ ಓಡಾಡಿತು. ನಾನೂ ಮುಂದೆ ಹಾಸ್ಟೆಲಿನಲ್ಲಿ ಹೇಳಿ ನಗಿಸಿದ್ದುಂಟು.

ಅಜ್ಜಿಗೆ ಈಗ ಕಿವಿ ಮಂದ. ಭಾನುವಾರ ಗುಜರಿಯವನು ಟಿವಿಯನ್ನು ಗಾಡಿಗೆ ಕಟ್ಟುತ್ತಿದ್ದಾಗ ನನ್ನ ಸೆರಗು ಜಗ್ಗಿ ಕೇಳಿದಳು: “ಆ ಹೆಣ್ಮಗಳು ಎದ್ದಳೇನಮ್ಮ ಕೊನೆಗೆ?”

ಇಷ್ಟು ವರ್ಷ ಅವಳಿಗೆ ಆ ಪ್ರಸಾರ ಮುಗಿದೇ ಇರಲಿಲ್ಲ. ಗೊತ್ತಿಲ್ಲ ಅಜ್ಜಿ ಎಂದೆ. ಕೇಳಿಸಿತೋ ಇಲ್ಲವೋ, ತಲೆಯಾಡಿಸಿದಳು.

ಸಂಜೆಯ ಬಸ್ಸಿಗೆ ಕೋಲಾರದ ನನ್ನ ಬಾಡಿಗೆ ಕೋಣೆಗೆ ಮರಳಿದೆ. ಎದುರು ಮನೆಯಲ್ಲಿ ನಿವೃತ್ತ ಟೀಚರೊಬ್ಬರಿದ್ದಾರೆ. ಹಿಂದಿನ ವಾರ ಅವರ ಯಜಮಾನರು ತೀರಿಕೊಂಡಿದ್ದರು. ನೋಡಲು ಬಂದವರಿಗೆಂದು ಬಾಗಿಲಲ್ಲಿ ಕುರ್ಚಿ ಹಾಕಿದ್ದನ್ನೂ ತೆಗೆದದ್ದನ್ನೂ ನಾನು ಕಿಟಕಿಯಿಂದ ನೋಡಿದ್ದೆ. ಸರಿಯಾದ ಮಾತು ಸಿಕ್ಕಮೇಲೆ ಹೋಗೋಣವೆಂದುಕೊಂಡಿದ್ದೆ. ಮಾತಿನ ವಿಷಯದಲ್ಲಿ ನಾನು ಮಹಾ ಶಿಸ್ತಿನವಳು. ಆ ಸಂಜೆ ಅವರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ನಾನು ತಲೆ ತಗ್ಗಿಸಿ ಒಳಗೆ ಬಂದೆ.

ಮರುದಿನ ಬೆಳಗ್ಗೆ ಎರಡು ಲೋಟ ಕಾಫಿ ಹಿಡಿದುಕೊಂಡು ಬೀದಿ ದಾಟಿದೆ. ಹೇಳಲು ಏನೂ ಸಿದ್ಧವಿರಲಿಲ್ಲ. ಒಂದು ಲೋಟ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಅವರು ಒಂದು ಗುಟುಕು ಕುಡಿದು, ಸಕ್ಕರೆ ಸ್ವಲ್ಪ ಜಾಸ್ತಿಯಾಯಿತು ಎಂದರು. ಹೌದೆಂದೆ. ಅವರು ಕುಡಿದು ಮುಗಿಸುವವರೆಗೂ ಅಲ್ಲೇ ಕೂತಿದ್ದೆ.