ಕುದುರೆಗೊಂದು ಚಿಟಿಕೆ ಕುಂಕುಮ

ಬೆಳಗಿನ ಆರೂಕಾಲು. ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಎರಡನೇ ಮಹಡಿಯಲ್ಲಿ, ಕಿಟಕಿಗೆ ಒತ್ತಿಕೊಂಡ ಮೇಜಿನ ಮುಂದೆ ಕೇತಕಿ ಕುಳಿತಿದ್ದಾರೆ. ಅಂಗೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಲೋಹದ ಕುದುರೆ. ಅದಕ್ಕಿನ್ನೂ ಕಾಲು ಬಂದಿಲ್ಲ. ಗಂಡ ಸಾತ್ವಿಕ ಎದೆನೋವೆಂದು ಕುಳಿತಲ್ಲೇ ಹೋಗಿ ಹದಿನೈದು ದಿನವಾಗಿದೆ. ಹದಿಮೂರರ ಊಟ ಮುಗಿಸಿದ ಕಡೆಯ ನೆಂಟರು ನಿನ್ನೆ ಸ್ವಾರಗೇಟಿನಲ್ಲಿ ಬೆಳಗಾವಿ ಬಸ್ಸು ಹತ್ತಿದ್ದಾರೆ. ಇವತ್ತು ಸಮಾಧಾನ ಹೇಳಲು ಯಾರೂ ಬರುವುದಿಲ್ಲ. ಹಾಲಿನವನು ಬಂದು ಹೋಗಿದ್ದಾನೆ. ಅಂದರೆ ಕೆಲಸದ ದಿನ.

ಆದರೆ ಕೆಲಸ ಶುರುವಾಗುತ್ತಿಲ್ಲ.

“ಅತ್ಯಾರ, ಕುಂಕುಮದ ಭರಣಿ ಎಲ್ಲೆ ಅದ?”

ಒಳಗೆ ಚಹಾ ಸೋಸುತ್ತಿದ್ದ ಅತ್ತೆ ರಂಗೂಬಾಯಿಯ ಕೈ ನಿಲ್ಲುತ್ತದೆ. “ಕೃಷ್ಣಾಬಾಯಿ ಒಯ್ದಾಳವಾ, ನಿನ್ನ ಕಣ್ಣಿಗೆ ಬೀಳಬಾರದಂತ. ದೇವರ ಮುಂದಿಂದೂ ಬಿಟ್ಟಿಲ್ಲ.” ಕೃಷ್ಣಾಬಾಯಿ ಸಾತ್ವಿಕ ಅವರ ಸೋದರತ್ತೆ, ಭರಣಿ ಈಗ ಬೆಳಗಾವಿಯಲ್ಲಿದೆ.

“ನನ್ನ ಹಣಿಗೆ ಅಲ್ಲರಿ. ಕುದರಿಗೆ ಬೇಕು.”

ರಂಗೂಬಾಯಿಗೆ ಅರ್ಥವಾಗುತ್ತದೆ. ಕುದುರೆಯ ಕಾಲನ್ನು ಮೈಗೆ ಸೇರಿಸಬೇಕಾದರೆ ಎರಡರಲ್ಲೂ ತೂತು ಕೊರೆಯಬೇಕು, ಎರಡೂ ತೂತು ಎದುರುಬದುರಾಗಿ ಕೂಡಬೇಕು. ಅದಕ್ಕೆ ಕೇತಕಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ಒಂದು ಚುಕ್ಕೆಯನ್ನು ಕಾಲಿನ ತುದಿಗಿಟ್ಟು ಮೈಗೆ ಒತ್ತುತ್ತಾರೆ. ಅಲ್ಲಿ ಕೆಂಪು ಗುರುತು ಬೀಳುತ್ತದೆ. ಅಲ್ಲೇ ಡ್ರಿಲ್ಲು. ಕಣ್ಣಂದಾಜಿನಲ್ಲಿ ಕೊರೆದರೆ ಕುದುರೆ ಹುಟ್ಟುವಾಗಲೇ ಕುಂಟು.

ಇಪ್ಪತ್ತು ವರ್ಷದ ಹಿಂದೆಯೇ ಗಂಡನನ್ನು ಕಳೆದುಕೊಂಡ ರಂಗೂಬಾಯಿ ಎದುರುಮನೆಯ ಬಾಗಿಲು ತಟ್ಟಿ, ಮರಾಠಿಯಲ್ಲಿ ಒಂದು ಚಿಟಿಕೆ ಕುಂಕುಮ ಕೇಳುತ್ತಾರೆ. ಬಾಗಿಲು ತೆಗೆದಾಕೆ ಅವರ ಬರಿಯ ಹಣೆ ನೋಡುತ್ತಾಳೆ. “ಘೋಡ್ಯಾಸಾಠೀ,” ಕುದುರೆಗಾಗಿ, ಎಂದು ರಂಗೂಬಾಯಿ ಬಿಡಿಸಿ ಹೇಳುತ್ತಾರೆ.

“ಪಾಪ, ಅಂಗಳಕ್ಕ ಇಣಕಿ ನೋಡಿದಳು,” ಪೊಟ್ಟಣ ಹಿಡಿದು ಮರಳಿದವರು ಸೊಸೆಗೆ ವರದಿ ಒಪ್ಪಿಸುತ್ತಾರೆ. “ಖರೇನ ಕುದರಿ ಕಟ್ಟೇವೇನೋ ಅಂತ!”

ಶ್ರೀಮಂತರ ಗಾಜಿನ ಕಪಾಟಿನಲ್ಲಿ, ಕಂಪನಿಗಳ ಸ್ವಾಗತ ಕೋಣೆಯಲ್ಲಿ ನಿಂತಿರುತ್ತಾರಲ್ಲ, ಕತ್ತಿ ಹಿರಿದ ಪುಟ್ಟ ಲೋಹದ ಸವಾರರು, ಅವರು ಈ ಮೇಜಿಗೆ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ತುಂಡುತುಂಡಾಗಿ ಬರುತ್ತಾರೆ. ಒಬ್ಬ ಸವಾರ, ಒಂದು ಕುದುರೆ ಸೇರಿ ಹತ್ತೊಂಬತ್ತು ತುಂಡು. ಅಚ್ಚಿನ ಗೆರೆ ಕಾಣದಂತೆ ಅರದಿಂದ ಉಜ್ಜಬೇಕು. ಬೆರಳಲ್ಲೇ ತಿರುಗಿಸುವ ಕೈಡ್ರಿಲ್ಲಿನಿಂದ ಒಂದು ಮಿಲಿಮೀಟರಿಗೂ ಸಣ್ಣ ತೂತು ಕೊರೆದು, ಅದರೊಳಗೆ ಹಿತ್ತಾಳೆ ತಂತಿಯ ತುಣುಕು ಕೂರಿಸಿ, ಅಂಟು ಹಚ್ಚಿ, ಕೈ ಅಲುಗದಂತೆ ಹಿಡಿದಿರಬೇಕು. ದಿನಕ್ಕೆ ನಲವತ್ತು ತೂತು. ಅವಸರ ಮಾಡಿದರೆ ಡ್ರಿಲ್ಲಿನ ತುದಿ ಮುರಿದು ಕುದುರೆಯ ತೊಡೆಯಲ್ಲೇ ಉಳಿಯುತ್ತದೆ.

“ಬರೇ ಅಂಟು ನಂಬಬಾರದರಿ,” ಎನ್ನುತ್ತಾರೆ ಕೇತಕಿ. “ಎರಡ ದಿನ ಹಿಡದಂಗ ಮಾಡಿ ಕೈ ಬಿಡತದ. ಒಳಗ ತಂತಿ ಇದ್ರ ನಿಂದರತದ.”

ಕಾರ್ಡಿನ ಮೇಲಿರುವ ಹೆಸರು ‘ಸಾತ್ವಿಕ ಮಾಡೆಲ್ಸ್’. ಮದುವೆಯಾದ ಎರಡನೇ ತಿಂಗಳು ಸಾತ್ವಿಕ ಒಂದು ಕುದುರೆಯ ಭುಜದಲ್ಲಿ ಡ್ರಿಲ್ಲು ಇಳಿಸಿ ಹೊಟ್ಟೆಯಲ್ಲಿ ಹೊರತೆಗೆದರು. ಕೇತಕಿ ಡ್ರಿಲ್ಲು ಇಸಿದುಕೊಂಡರು. ಮತ್ತೆ ವಾಪಸು ಕೊಡಲಿಲ್ಲ. ಆರು ವರ್ಷಗಳಿಂದ ತೂತು, ತಂತಿ, ಅಂಟು ಅವರದು. “ಬಣ್ಣ ಅವರು ಭಾಳ ಛಂದ ಹಚ್ಚತಿದ್ರು. ಮಾತು ಅದಕ್ಕಿಂತ ಛಂದ,” ಎನ್ನುತ್ತಾರೆ ಕೇತಕಿ. ಗಿರಾಕಿಗಳು ‘ಸಾತ್ವಿಕರ ಕೈ ಅಂದ್ರ ಕೈ’ ಎಂದು ಹೊಗಳುವಾಗ ಕೇತಕಿ ಚಹಾದ ಕಪ್ಪು ಇಟ್ಟು ಒಳಗೆ ಹೋಗುತ್ತಿದ್ದರು.

ಹೊಗಳುವವರಲ್ಲಿ ಮೊದಲಿಗರು ಚಿಂಚವಾಡದ ವ್ಯಾಪಾರಿ ಮೋಹನದಾಸ್. ಈ ಮನೆಗೆ ಕೆಲಸ ಕೊಡುವವರು ಅವರೊಬ್ಬರೇ. ಹತ್ತು ಗಂಟೆಗೆ ಅವರು ಬರುತ್ತಾರೆ, ಖಾಲಿ ಚೀಲ ಹಿಡಿದು. ಕೇತಕಿ ಎದ್ದು ನಿಲ್ಲುತ್ತಾರೆ, ಆದರೆ ಕೈ ಮುಗಿಯಲಾಗುವುದಿಲ್ಲ. ಹದಿನೈದು ದಿನ ಅಭ್ಯಾಸ ತಪ್ಪಿದ್ದಕ್ಕೆ ಬಲಗೈಯ ಎರಡು ಬೆರಳು ಕುದುರೆಯ ಬೆನ್ನಿಗೆ ಅಂಟಿಕೊಂಡಿವೆ.

“ವೈನೀ, ಬ್ಯಾಸರ ಮಾಡಿಕೋಬ್ಯಾಡ್ರಿ,” ಮೋಹನದಾಸ್ ನೆಲ ನೋಡುತ್ತ ಹೇಳುತ್ತಾರೆ. “ಒಂಬತ್ತೂ ಕುದರಿ ಸಾಮಾನು ಒಯ್ತೀನಿ. ಮುಂಬೈಯಾಗ ಒಬ್ಬಾವ ಇದ್ದಾನ. ಬಣ್ಣ ಹಚ್ಚಾವ್ರು ನೂರು ಮಂದಿ ಸಿಗತಾರ, ಆದ್ರ ಜೋಡಸೋ ಸಾತ್ವಿಕರ ಕೈ ಇನ್ನ ಎಲ್ಲಿಂದ ತರೋದು?”

“ಆ ಕೈ ಇಲ್ಲೇ ಅದನೋ, ಮೋಹನದಾಸ,” ಎನ್ನುತ್ತಾರೆ ರಂಗೂಬಾಯಿ. “ಕುದರಿಗೆ ಅಂಟ್ಯದ, ನೋಡು.”

ಬಿಸಿನೀರಿನ ಬಟ್ಟಲು ಬರುತ್ತದೆ. ಕೇತಕಿ ಬೆರಳು ಅದ್ದಿ ಕೂರುತ್ತಾರೆ. ಕುದುರೆಯೂ ಜೊತೆಗೇ ಸ್ನಾನ ಮಾಡುತ್ತದೆ.

“ಅಂದ್ರ ಆರು ವರ್ಷ ನನ್ನ ಮುಂದ ಸುಳ್ಳ ಹೇಳಿದ್ನೇನು ಅವ?” ಎಂದು ಮೋಹನದಾಸ್ ಕೇಳುತ್ತಾರೆ.

“ಸುಳ್ಳಲ್ಲರಿ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ.”

ಮೋಹನದಾಸ್ ವ್ಯಾಪಾರಸ್ಥ, ಸೂತಕದ ಮನೆಯ ಮಾತನ್ನು ನಂಬಿ ಸರಕು ಬಿಟ್ಟುಹೋಗುವವರಲ್ಲ. ಮೇಜಿನ ಮೇಲಿದ್ದ ತುಂಡುಗಳ ಚೀಲಗಳಿಂದ ಒಂದು ಕುದುರೆ ಆರಿಸುತ್ತಾರೆ: ಮುಂಗಾಲೆರಡೂ ಮೇಲೆ, ಸವಾರನ ಸಮೇತ ಇಡೀ ಭಾರ ಒಂದೇ ಹಿಂಗಾಲಿನ ಮೇಲೆ. ಎರಡು ದಿನದಲ್ಲಿ ಜೋಡಿಸಿಡಬೇಕು. ತಮ್ಮ ಸ್ಕೂಟರಿನ ಡಿಕ್ಕಿಯಲ್ಲಿ ಚಿಂಚವಾಡದವರೆಗೆ ಒಯ್ಯುತ್ತಾರೆ. ನಿಂತರೆ ಕೆಲಸ ಇಲ್ಲೇ ಇರುತ್ತದೆ. ಮುರಿದರೆ ಉಳಿದ ಎಂಟೂ ಕುದುರೆ ಮುಂಬೈಗೆ, ಮುಂದಿನವೂ ಅಲ್ಲಿಗೇ.

“ಮತ್ತ ಸುತ್ತಲೂ ಚುರಮುರಿ ತುಂಬಂಗಿಲ್ಲ,” ಎಂದು ಷರತ್ತು ಹಾಕುತ್ತಾರೆ. ಈ ಮನೆಯಿಂದ ಹೋಗುವ ಗೊಂಬೆಗಳು ಯಾವಾಗಲೂ ಚುರಮುರಿಯೊಳಗೆ ಮಲಗಿಯೇ ಹೋಗುವುದು.

“ತುಂಬಿದ್ರ ತಾನ! ಯಾವಾಗ ನೋಡಿದ್ರೂ ಅರ್ಧ ಡಬ್ಬಿ ನೀನೇ ತಿಂದಿರತಿ,” ಎನ್ನುತ್ತಾರೆ ರಂಗೂಬಾಯಿ.

ಆ ಒಂದು ಹಿಂಗಾಲಿಗೆ ಕೇತಕಿ ಮೊದಲ ದಿನವನ್ನೆಲ್ಲ ಕೊಡುತ್ತಾರೆ. ಮೂರು ಸಲ ಕುಂಕುಮ ಒತ್ತಿ, ಮೂರು ಸಲ ಒರೆಸುತ್ತಾರೆ. ನಾಲ್ಕನೇ ಗುರುತಿಗೆ ಕೊರೆಯುತ್ತಾರೆ. ತಂತಿ ಗೊರಸಿನಿಂದ ಹೊಟ್ಟೆಯ ನಡುವಿನವರೆಗೆ ಹೋಗುತ್ತದೆ. ಹೇಳಿದ ದಿನ ಮೋಹನದಾಸ್ ಕುದುರೆಯನ್ನು ಬರಿಯ ಡಬ್ಬಿಯಲ್ಲಿಟ್ಟು ಹೊರಡುತ್ತಾರೆ. ಇಲ್ಲಿಂದ ಚಿಂಚವಾಡದವರೆಗೆ ಎಷ್ಟು ಉಬ್ಬು, ಎಷ್ಟು ಗುಂಡಿ ಎಂಬುದು ರಸ್ತೆ ಹಾಕಿದವರಿಗೂ ಗೊತ್ತಿರಲಿಕ್ಕಿಲ್ಲ. ಅತ್ತೆ ಸೊಸೆ ಫೋನನ್ನು ನಡುವೆ ಇಟ್ಟುಕೊಂಡು ಅವರೆಕಾಳು ಬಿಡಿಸುತ್ತಾರೆ. ಬಿಡಿಸಿದ ಕಾಳನ್ನು ರಂಗೂಬಾಯಿ ಸಿಪ್ಪೆಯ ಬುಟ್ಟಿಗೆ ಹಾಕುತ್ತಾರೆ. ಕೇತಕಿ ಆರಿಸಿ ತೆಗೆಯುತ್ತಾರೆ.

ಒಂದೂವರೆ ತಾಸಿಗೆ ಫೋನು. “ವೈನೀ, ಕುದರಿ ನಿಂತದ. ನನ್ನ ಸೊಂಟ ನಿಂತಿಲ್ಲ. ಉಳಿದ ಎಂಟೂ ನೀವ ಮಾಡ್ರಿ.”

ಅವತ್ತು ರಂಗೂಬಾಯಿಗೆ ಇನ್ನೊಂದು ನೆನಪಾಗುತ್ತದೆ. ಸತ್ತವರು ಇಸಿದುಕೊಂಡು ಬಂದದ್ದು ತಿಂಗಳೊಳಗೆ ಮರಳಿ ಹೋಗಬೇಕು, ಇದು ಅವರ ಮನೆಯ ಪದ್ಧತಿ. ಸಾತ್ವಿಕ ಅವರದು ಧಾರಾಳ ಕೈ. ಕೊಡುವುದರಲ್ಲಿ ಹೆಂಗೋ, ಇಸಿದುಕೊಳ್ಳುವುದರಲ್ಲಂತೂ ಹೌದು. ಕೆಳಮನೆಯವರ ಛತ್ರಿ ಹೋಗುತ್ತದೆ, ಯಾರದೋ ಸೈಕಲ್ ಪಂಪು ಹೋಗುತ್ತದೆ. ಕಡೆಗೆ ರಂಗೂಬಾಯಿ ಮೇಜಿನ ಮೇಲಿದ್ದ ಕಪ್ಪು ಭೂತಗನ್ನಡಿಯನ್ನು ತೋರಿಸುತ್ತಾರೆ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. “ಅದೂ ನಮ್ಮದಲ್ಲ. ಗಡಿಯಾರದ ಅಂಗಡಿ ಶಿವರುದ್ರಪ್ಪಂದು. ಎಂಟ ದಿನಕ್ಕಂತ ತಂದಿದ್ದ.”

ಕೇತಕಿ ಅದನ್ನು ಕೊಂಡದ್ದೆಂದೇ ತಿಳಿದಿದ್ದರು. ಆರು ವರ್ಷ ಅವರ ಬಲಗಣ್ಣಿನಲ್ಲಿದ್ದದ್ದು ಅದು.

ಬುಧವಾರಪೇಠೆಯ ಅಂಗಡಿಯೊಂದರಿಂದ ಹೊಸದೊಂದು ತಂದುಕೊಂಡ ಮೇಲೆ, ಹಳೆಯದನ್ನು ಒರೆಸಿ ಅವರು ಓಣಿಯ ತುದಿಯ ಗಡಿಯಾರದ ಅಂಗಡಿಗೆ ಹೋಗುತ್ತಾರೆ. “ಕಾಕಾ, ಇದು ನಿಮ್ಮದಂತ. ಭಾಳ ತಡಾ ಆತು.”

ಶಿವರುದ್ರಪ್ಪ ಬಿಚ್ಚಿಟ್ಟ ಗಡಿಯಾರದಿಂದ ತಲೆ ಎತ್ತುತ್ತಾರೆ. “ತಿಂಗಳಿಗೊಮ್ಮೆ ಕೇಳತಿದ್ನೆವ್ವಾ ನಾ ಅವಗ. ಏನಂತಿದ್ದ ಗೊತ್ತೈತೇನು? ‘ಅದು ನಮ್ಮಾಕಿ ಕಣ್ಣಾಗ ಅದ, ಕಾಕಾ. ಅಂಥಾ ತೂತು ಕೊರಿಯಾವ್ರು ಈ ಪುಣೆದಾಗ ಇನ್ನೊಬ್ರಿಲ್ಲ. ಹೆಂಗ ಕಿತಗೊಂಡು ಬರ್ಲಿ?’ ಅಂತಿದ್ದ.”

ರಸ್ತೆಯಲ್ಲಿ ರಿಕ್ಷಾ ಒಂದು ಹಾರ್ನ್ ಹೊಡೆದು ಹೋಗುತ್ತದೆ. ಕೇತಕಿ ಭೂತಗನ್ನಡಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಾರೆ.

“ಸರಿಯಾಗಿ ಕೇಳಸಲಿಲ್ಲ, ಕಾಕಾ. ಇನ್ನೊಮ್ಮೆ ಹೇಳ್ರಿ.”

ಶಿವರುದ್ರಪ್ಪ ಇನ್ನೊಮ್ಮೆ ಹೇಳುತ್ತಾರೆ, ಈ ಸಲ ನಿಧಾನವಾಗಿ. ಕೇತಕಿ ಪೂರ್ತಿ ಕೇಳಿಸಿಕೊಂಡು, ಭೂತಗನ್ನಡಿಯನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು, ಮೆಲ್ಲಗೆ ಅವರತ್ತ ಸರಿಸುತ್ತಾರೆ.