ಮೇಲಿಂದ ಬಂದ ಫೋನು

ನಮ್ಮ ಬೀದಿಗೆಲ್ಲ ಅವಳು ವಿಮಾನದಕ್ಕ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ನಮ್ಮ ಮೇಲಿನ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾಳೆ. ನಾನು ಕೆಳಗಿನ ಮನೆಯಲ್ಲಿ ಕೂತು ಬೀದಿಯವರ ಬಟ್ಟೆ ಬಿಗಿ ಸಡಿಲ ಮಾಡಿಕೊಡುವವಳು. ಅವಳ ಯೂನಿಫಾರಮ್ಮಿನ ಹೊಲಿಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಅವಳ ಸೊಂಟ ಯಾವ ವರ್ಷ ಎಷ್ಟಿತ್ತು ಅನ್ನುವುದು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತು.

ಗಗನಸಖಿ ಅಂದರೆ ಜನ ಅದನ್ನು ಹಾರಾಡುವ ಕೆಲಸ ಅಂದುಕೊಳ್ಳುತ್ತಾರೆ. ಅದು ನಿಲ್ಲುವ ಕೆಲಸ. ಮನೆಗೆ ಬಂದ ಕೂಡಲೇ ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಾಳೆ. ಪಾದಕ್ಕೆ ನೀರು ತಾಗಿದರೆ ಬಾಯಿ ಬಿಡುತ್ತಾಳೆ. ಯಾವನೋ ದಾರಿಗೆ ಅಡ್ಡ ಕಾಲು ಚಾಚಿ ಗೊರಕೆ ಹೊಡೆದದ್ದು, ಯಾವಳೋ ಮಗುವಿನ ಒದ್ದೆ ಬಟ್ಟೆಯನ್ನು ಊಟದ ತಟ್ಟೆಯಲ್ಲೇ ಇಟ್ಟು ವಾಪಸು ಕೊಟ್ಟದ್ದು.

"ದೊಡ್ಡಮ್ಮಾ, ಕೆಳಗೆ ಇರೋವಾಗ ಎಲ್ಲ ಮರ್ಯಾದಸ್ಥರೇ. ಮೇಲೆ ಹೋದ್ರೆ ಬೆಲ್ಟ್ ಬಿಚ್ಚೋವಾಗ ಮರ್ಯಾದೆನೂ ಬಿಚ್ಚಿಡ್ತಾರೆ," ಅನ್ನುತ್ತಾಳೆ.

ಬೈಯುತ್ತಾಳೆ, ಆದರೆ ಆ ಕೆಲಸ ಅಂದರೆ ಅವಳಿಗೆ ಜೀವ. ಯಾಕೆ ಅಂತ ಒಂದು ಸಲ ಕೇಳಿದ್ದೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅದು ಮುರಿದು ಅವಳು ಅಪ್ಪನ ಮನೆಗೆ ಬಂದಿದ್ದ ಹೊಸತು. "ವಿಮಾನದ ಬಾಗಿಲು ಹಾಕಿದ ಮೇಲೆ ಫೋನ್ ಇಲ್ಲ ದೊಡ್ಡಮ್ಮ. ಯಾರ ಜ್ವರ, ಯಾರ ಜಗಳ, ಯಾರು ನನ್ನ ಬಗ್ಗೆ ಏನಂದ್ರು, ಒಂದೂ ಅಲ್ಲಿಗೆ ಬರಲ್ಲ. ಇಳಿಯೋವರೆಗೂ ನಾನು ಯಾರಿಗೂ ಸಿಗಲ್ಲ. ಅಷ್ಟೇ ಸಾಕು ನನಗೆ."

ಆ ಮನೆಯಲ್ಲಿ ಅದೇ ಒಂದು ಕಟ್ಟಳೆಯಾಗಿ ನಿಂತಿತು. ಚಕ್ರ ನೆಲ ಮುಟ್ಟುವ ತನಕ ಅವಳಿಗೆ ಯಾವ ಸುದ್ದಿಯೂ ಹೇಳಬಾರದು. ಅಜ್ಜಿ ಹೋದಾಗಲೂ ಇಳಿದು, ಮನೆಗೆ ಬಂದು, ಒಂದು ಲೋಟ ನೀರು ಕುಡಿದ ಮೇಲೆಯೇ ಹೇಳಿದ್ದು. ಅವಳೂ ಅಷ್ಟೇ, ವಿಮಾನದಿಂದ ಯಾವತ್ತೂ ಮಾತಾಡಿದವಳಲ್ಲ. ಅಮ್ಮ ಅತಿಯಾಗಿ ಹೆದರುವ ಹೆಂಗಸು. ಅವರನ್ನು ಸಮಾಧಾನ ಮಾಡಲು ನಗುತ್ತಾ ಅಂದಿದ್ದಳು: "ಮೇಲಿಂದ ನಾನು ಫೋನ್ ಮಾಡೋದೇ ಇಲ್ಲಮ್ಮ. ಮಾಡಿದೆ ಅಂದ್ರೆ ವಿಮಾನಕ್ಕೇ ಏನೋ ಆಗಿದೆ ಅಂತ ತಿಳ್ಕೋ." ನಗುವ ಮಾತು ಯಾವುದು, ನೆನಪಿಡುವ ಮಾತು ಯಾವುದು ಅನ್ನುವುದು ಆ ತಾಯಿಗೆ ತಿಳಿಯದು. ಎಲ್ಲವನ್ನೂ ಗಂಟು ಕಟ್ಟಿಟ್ಟುಕೊಳ್ಳುತ್ತಾರೆ.

ಹೀಗಿರುವಾಗ ಅವಳ ಕಂಪನಿಯವರು ವಿಮಾನದಲ್ಲೂ ಇಂಟರ್‌ನೆಟ್ ಕೊಡುತ್ತೇವೆ ಅಂದರು. ಬೇಕೋ ಬೇಡವೋ ಅಂತ ಕೆಲಸದವರನ್ನೂ ಒಂದು ಮಾತು ಕೇಳಿದರಂತೆ. ಇವಳು ಎದ್ದು ನಿಂತು ಬೇಡ ಅಂದಳಂತೆ. ಸಂಜೆ ಮೆಟ್ಟಿಲ ಹತ್ತಿರ ಅದೇ ಚರ್ಚೆ. ಬೀದಿ ಕೊನೆಯ ಔಷಧಿ ಅಂಗಡಿಯವನು ಮಗಳನ್ನು ನೋಡಲು ಆಗಾಗ ವಿಮಾನ ಹತ್ತುವವನು.

"ಬರಲಿ ಬಿಡಿ ಅಕ್ಕಾ. ಸುಮ್ನೆ ಕೂತು ಮುಂದಿನ ಸೀಟಿನ ಬೆನ್ನು ನೋಡೋ ಬದಲು ಅಂಗಡಿ ವ್ಯವಹಾರ ನೋಡ್ಕೋಬಹುದು," ಅಂದ.

"ನಿಮ್ಮ ಅಂಗಡಿ ಹಾಗಿರಲಿ. ಒಬ್ಬರಿಗೆ ಕೆಟ್ಟ ಸುದ್ದಿ ಬಂತು ಅನ್ನಿ. ಇಲ್ಲಾದ್ರೆ ಎದ್ದು ಓಡ್ತೀರಿ, ಬಸ್ ಹಿಡೀತೀರಿ, ಗೋಡೆಗಾದ್ರೂ ತಲೆ ಚಚ್ಕೋತೀರಿ. ಅಲ್ಲಿ ಎಲ್ಲಿಗೆ ಹೋಗ್ತೀರಿ? ಅತ್ತರೆ ಪಕ್ಕದವನ ಮೊಣಕೈಗೆ ಕಣ್ಣೀರು ಬೀಳುತ್ತೆ. ಅಂಥವರನ್ನ ನಾನು ಎಲ್ಲಿ ಕೂರಿಸಲಿ?"

"ಎಲ್ಲರಿಗೂ ಕೆಟ್ಟದ್ದೇ ಬರುತ್ತಾ? ನೀವು ಸುಮ್ನೆ ಹೆದರಿಸ್ತೀರಿ."

ಅವಳ ಮಾತು ನಡೆಯಲಿಲ್ಲ. ಇಂಟರ್‌ನೆಟ್ ಬಂತು. ಕೆಲಸದವರು ಮಾತ್ರ ಮುಟ್ಟಬಾರದು, ಫೋನು ಚೀಲದಲ್ಲೇ ಇರಬೇಕು ಅನ್ನುವ ನಿಯಮವೂ ಬಂತು. ಒಳಗಿನ ಕೆಲಸಕ್ಕೆಲ್ಲ ಇವಳೇ ಮುಖ್ಯಸ್ಥೆ. ಜೊತೆಯವಳೊಬ್ಬಳು ಕದ್ದು ಫೋನು ನೋಡಿದಳು ಅಂತ ಇವಳೇ ಮೇಲಿನವರಿಗೆ ದೂರು ಕೊಟ್ಟಳು. ನನಗೇ ಅಯ್ಯೋ ಅನಿಸಿತ್ತು. "ಅಯ್ಯೋ ಅಂದ್ರೆ ಆಗಲ್ಲ ದೊಡ್ಡಮ್ಮ, ನಿಯಮ ಅಂದ್ರೆ ನಿಯಮ," ಅಂದಿದ್ದಳು.

ಆ ದಿನ ಬೆಳಿಗ್ಗೆ ಅವಳು ಡ್ಯೂಟಿಗೆ ಹೋದಳು. ಅವಳಿದ್ದ ಮಧ್ಯಾಹ್ನದ ವಿಮಾನದಲ್ಲೇ ಔಷಧಿ ಅಂಗಡಿಯವನೂ ಹೊರಟಿದ್ದ, ಮಗಳು ಹೆತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿನ ಮನೆಯಿಂದ ಅಮ್ಮ ಕೂಗಿಕೊಂಡರು. ಓಡಿದೆ. ಅಪ್ಪ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ವಾಲಿದ್ದರು, ಹಣೆಯೆಲ್ಲ ಬೆವರು. ಆಂಬುಲೆನ್ಸ್ ಬಂತು. ಇಬ್ಬರು ಆಳುಗಳು ಅವರನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಅವರದೇ ಹಾಸಿಗೆಯ ಹೂವಿನ ಹೊದಿಕೆ ಹೊದಿಸಿ, ಇಕ್ಕಟ್ಟಿನ ಮೆಟ್ಟಿಲಲ್ಲಿ ಓರೆ ಮಾಡಿಕೊಂಡು ಇಳಿಸಿದರು.

ಅಪ್ಪ ಬೇಕರಿಯ ಒಲೆ ಮುಂದೆ ಆಯಸ್ಸು ಕಳೆದವರು. ರಾತ್ರಿಯೆಲ್ಲ ಬ್ರೆಡ್ಡು ಬೇಯಿಸುವುದು, ಹಗಲು ಮಲಗುವುದು. ಮುಖದ ಮೇಲೆ ಬಟ್ಟೆ ಎಳೆದುಕೊಳ್ಳದೆ ಕಣ್ಣು ಮುಚ್ಚಿದ ಮನುಷ್ಯನೇ ಅಲ್ಲ. ಬೀದಿಗೆ ಬಂದಾಗ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಅವರ ಕೈ ಮೆಲ್ಲಗೆ ಬಂದು ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡಿತು. ನಾನು ಪಕ್ಕದಲ್ಲೇ ಇದ್ದೆ, ಕಂಡೆ. ಎದುರಿನ ಲಾಂಡ್ರಿಯವನು ಕಂಡದ್ದು ಆಮೇಲಿನದನ್ನು ಮಾತ್ರ: ಮುಖ ಮುಚ್ಚಿದ ದೇಹ, ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡ ಹೆಂಡತಿ. ಅವನು ಒಂದು ಫೋಟೋ ತೆಗೆದು ಬೀದಿಯವರ ಫೋನ್ ಗ್ರೂಪಿಗೆ ಹಾಕಿಬಿಟ್ಟ. "ಬೇಕರಿ ಯಜಮಾನರು ಇನ್ನಿಲ್ಲ." ಅದರ ಕೆಳಗೆ ಒಬ್ಬೊಬ್ಬರದೂ ಜೋಡಿಸಿದ ಕೈಯ ಚಿತ್ರ. ಆಸ್ಪತ್ರೆಗೆ ಓಡಿದ ನಮ್ಮಿಬ್ಬರಿಗೆ ಇದು ಯಾವುದೂ ಗೊತ್ತಿಲ್ಲ.

ವಿಮಾನದೊಳಗೆ ನಡೆದದ್ದನ್ನು ನಾನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ. ವಿಮಾನದಕ್ಕ ಕಾಫಿಯ ಗಾಡಿ ತಳ್ಳಿಕೊಂಡು ಬರುತ್ತಿದ್ದಾಳೆ. ಔಷಧಿ ಅಂಗಡಿಯವನು ಕೂತಲ್ಲೇ ಫೋನು ನೋಡುತ್ತಿದ್ದವನು ತಟ್ಟನೆ ಎದ್ದು ನಿಂತ. ಕಣ್ಣು ತುಂಬಿತ್ತು. ಒಳ್ಳೆಯ ಮನುಷ್ಯ, ಅದೇ ತೊಂದರೆ.

"ಅಕ್ಕಾ, ಧೈರ್ಯ ತಗೊಳ್ಳಿ. ಒಳ್ಳೆ ಜೀವ, ನರಳದೆ ಹೋದ್ರು."

"ಯಾರು?"

ಅವನಿಗೆ ಆಗ ಹೊಳೆಯಿತು, ಇವಳಿಗೆ ಗೊತ್ತಿಲ್ಲ ಅಂತ. ಕೈಯಲ್ಲಿದ್ದ ಫೋನು ಮುಚ್ಚಿಡಲೂ ತೋಚದೆ ಹಾಗೇ ಹಿಡಿದುಕೊಂಡಿದ್ದ. ಅವಳು ಬಗ್ಗಿ ನೋಡಿದಳು. ತನ್ನ ಮನೆಯ ಮೆಟ್ಟಿಲು. ತನ್ನ ಮನೆಯ ಹೂವಿನ ಹೊದಿಕೆ. ತನ್ನ ಅಮ್ಮ.

"ಅಕ್ಕ ಕಿರುಚ್ತಾರೆ ಅಂದ್ಕೊಂಡೆ," ಅಂದ ಅವನು ನನಗೆ. "ಕಿರುಚಲಿಲ್ಲ. 'ಕೂತ್ಕೊಳ್ಳಿ ಸರ್, ಬೆಲ್ಟ್ ಹಾಕ್ಕೊಳ್ಳಿ' ಅಂದ್ರು. ನನ್ನನ್ನ ಸರ್ ಅಂದ್ರು! ಆಮೇಲೆ ಪಕ್ಕದವನಿಗೆ ಸಕ್ಕರೆ ಬೇಕಾ ಅಂತ ಕೇಳಿದ್ರು."

ಕೊನೆಯ ಸಾಲಿನವರೆಗೂ ಕಾಫಿ ಕೊಟ್ಟು, ಗಾಡಿಯನ್ನು ಹಿಂದಿನ ಅಡುಗೆ ಮೂಲೆಗೆ ತಳ್ಳಿ, ಪರದೆ ಎಳೆದುಕೊಂಡಳು. ಆಮೇಲೆ ತನ್ನ ಚೀಲಕ್ಕೆ ಕೈ ಹಾಕಿ ಫೋನು ತೆಗೆದಳು. ಅಲ್ಲಿ ನಿಂತಿದ್ದವಳು ಯಾರು? ಇವಳು ದೂರು ಕೊಟ್ಟಿದ್ದಳಲ್ಲ, ಅವಳೇ. ಇವಳ ಮುಖ ನೋಡಿದಳು, ಕೈಯ ಫೋನು ನೋಡಿದಳು.

"ನಮ್ಮಪ್ಪ," ಅಂದಳು ಇವಳು.

"ಮಾಡು, ಮಾಡು. ನಾನು ಇಲ್ಲಿ ಐಸ್ ಎಣಿಸ್ತಾ ಇದೀನಿ, ನನಗೇನೂ ಕಾಣಿಸ್ತಿಲ್ಲ," ಅಂದು ಅವಳು ಬೆನ್ನು ತಿರುಗಿಸಿದಳು.

ಇತ್ತ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಕೊಟ್ಟು, ನೋವು ಇಳಿದು, ಅಪ್ಪ ಮಂಪರಲ್ಲಿದ್ದರು. "ಸದ್ಯ ಪಾರು. ಆದ್ರೆ ಇವತ್ತೊಂದು ದಿನ ಮನಸ್ಸಿಗೆ ಆಘಾತ ಆಗೋ ಯಾವ ಮಾತೂ ಬೇಡ," ಅಂದು ಹೋಗಿದ್ದರು. ಅಮ್ಮ ಮಂಚದ ಒಂದು ಕಡೆ, ನಾನು ಇನ್ನೊಂದು ಕಡೆ. ಅಮ್ಮನ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ನೋಡಿದವರೇ ಅದನ್ನು ಅದುಮಿ ಬಾಯಿ ಮುಚ್ಚಿಸಿದರು. ಮುಖದಲ್ಲಿ ಒಂದು ತೊಟ್ಟು ರಕ್ತ ಇಲ್ಲ.

"ಯಾರು?" ಅಂದೆ ಮೆಲ್ಲಗೆ.

"ಮಗಳು ಅಕ್ಕಾ. ಮೇಲಿಂದ ಮಾಡ್ತಿದಾಳೆ." ಅವರ ಹಲ್ಲು ಕಟಕಟ ಅನ್ನುತ್ತಿತ್ತು. "ಇನ್ನೂ ಇಳಿಯೋ ಹೊತ್ತಲ್ಲ. ಮೇಲಿಂದ ಮಾಡಲ್ಲ ಅಂದಿದ್ಲು. ಮಾಡಿದ್ರೆ ವಿಮಾನಕ್ಕೇ... ಅಯ್ಯೋ, ಕೊನೇದಾಗಿ ಮಾತಾಡೋಕೆ ಮಾಡ್ತಿದಾಳೆ ಅಕ್ಕಾ!"

ಇಲ್ಲಿ ಮಾತಾಡಿದರೆ ಗಂಡನ ಎದೆ ನಿಂತೀತು, ಎದ್ದು ಹೊರಗೆ ಹೋಗೋಣ ಅಂದರೆ ಆ ತಾಯಿಗೆ ಕಾಲೇ ಬರುತ್ತಿಲ್ಲ. ಮತ್ತೆ ಹೊಡೆದುಕೊಂಡಿತು. ಫೋನನ್ನು ತೊಡೆ ಕೆಳಗೆ ತಳ್ಳಿ ಅದರ ಮೇಲೇ ಕೂತರು. ಮೇಲೆ ಮಗಳಿಗೆ ಏನನಿಸಿರಬೇಕು ಹೇಳಿ? ಅಮ್ಮ ಒಂದು ಸಲ ಕತ್ತರಿಸಿದರು, ಇನ್ನೊಂದು ಸಲ ಎತ್ತಲೇ ಇಲ್ಲ. ಸುದ್ದಿ ನಿಜ. ಅಮ್ಮನಿಗೆ ಮಾತಾಡುವ ಶಕ್ತಿ ಇಲ್ಲ. ಮೇಲಿರುವ ಮಗಳು ಅಪ್ಪನನ್ನು ಕಳೆದುಕೊಂಡು ನಿಂತಿದ್ದಾಳೆ, ಕೆಳಗಿರುವ ತಾಯಿ ಮಗಳನ್ನು ಕಳೆದುಕೊಂಡು ಕೂತಿದ್ದಾರೆ. ಸತ್ತವರು ಯಾರೂ ಇಲ್ಲ!

ಮೂರನೆಯ ಸಲ ಹೊಡೆದಾಗ ಅಪ್ಪ ಕಣ್ಣು ಬಿಟ್ಟರು.

"ಯಾರೇ ಅದು?"

"ಯಾರೂ ಇಲ್ಲ, ಮಲಗಿ."

"ಯಾರೂ ಇಲ್ದೆ ನಿನ್ನ ತೊಡೆ ಹಾಡುತ್ತಾ? ಕೊಡು ಇಲ್ಲಿ."

"ಬೇಡಿ ಅಂದ್ರೆ, ಡಾಕ್ಟರ್ ಹೇಳಿದಾರೆ..."

"ಮಗಳು ತಾನೇ? ನಿನ್ನ ಮುಖ ಹೇಳ್ತಿದೆ. ಮಗಳು ಕೂಗಿದ್ರೆ ಡಾಕ್ಟರನ್ನ ಕೇಳ್ಕೊಂಡು ಓ ಅನ್ನಬೇಕಾ ನಾನು?"

ಸೂಜಿ ಚುಚ್ಚಿದ್ದ ಕೈಯನ್ನೇ ಚಾಚಿ ಫೋನು ಕಿತ್ತುಕೊಂಡರು. ಅಮ್ಮ ಕಿವಿ ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ.

"ಹಲೋ," ಅಂದರು ಅಪ್ಪ. ಆ ಕಡೆಯಿಂದ ಉಸಿರು ಮಾತ್ರ. "ಹಲೋ, ಏನಾಯ್ತಮ್ಮ? ಎಲ್ಲಿದೀಯ?"

"ಅಪ್ಪಾ?"

"ಇನ್ಯಾರು?"

"ನೀವು... ನೀವು ಮಾತಾಡ್ತಿದೀರಾ?"

"ಮಾತಾಡದೆ? ನೀನು ಹೇಗಿದೀಯ? ವಿಮಾನ ಸರಿ ಇದೆಯಾ?"

"ವಿಮಾನಕ್ಕೇನಾಗಿದೆ? ಅಪ್ಪಾ, ನೀವು ಇದೀರಾ?"

"ಇದೀನಿ. ನೀನು ಇದೀಯಾ?"

ಆಮೇಲೆ ಕೇಳಿಸಿದ್ದು ಅಳು ಅಲ್ಲ, ಬಾಯಿಗೆ ಬಟ್ಟೆ ತುರುಕಿಕೊಂಡವರ ಶಬ್ದ. ಐಸ್ ಎಣಿಸುತ್ತಿದ್ದವಳೇ ಅವಳನ್ನು ಹಿಡಿದುಕೊಂಡು ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಕೂರಿಸಿದಳಂತೆ. ಕಿವಿ ಮುಚ್ಚಿಕೊಂಡಿದ್ದ ಅಮ್ಮನ ಕೈ ಬಿಡಿಸಿ, "ಇದಾಳೆ, ನಿಮ್ಮ ಮಗಳು ಇದಾಳೆ," ಅಂತ ನಾನೇ ಹೇಳಬೇಕಾಯಿತು.

ಮರುದಿನ ವಾಪಸು ಬರುವ ವಿಮಾನದಲ್ಲಿ ಕೆಲಸ ಮುಗಿಸಿ, ಬಟ್ಟೆ ಕೂಡ ಬದಲಾಯಿಸದೆ, ಚಕ್ರದ ಪೆಟ್ಟಿಗೆ ಎಳೆದುಕೊಂಡು ಆಸ್ಪತ್ರೆಗೆ ಬಂದಳು. ಯಾಕೆ ತಡ ಅಂತ ಅಮ್ಮ ಕೇಳಿದರೆ, ಆಫೀಸಿಗೆ ಹೋಗಿ ತಾನು ಡ್ಯೂಟಿಯಲ್ಲಿ ಫೋನು ಮಾಡಿದೆ ಅಂತ ತನ್ನ ಮೇಲೆ ತಾನೇ ದೂರು ಕೊಟ್ಟು ಬಂದೆ ಅಂದಳು.

"ನಿನಗೇನು ತಲೆ ಕೆಟ್ಟಿದೆಯಾ? ಅಪ್ಪನ್ನ ನೋಡೋದು ಬಿಟ್ಟು! ಯಾರು ನೋಡಿದ್ರು ಅದನ್ನ?"

"ನೋಡಿದವಳು ಸುಮ್ನಿದ್ಲು ಅಮ್ಮ. ಅದಕ್ಕೇ ಹೋದೆ. ಮುಖ್ಯಸ್ಥೆ ಕೆಲಸದಿಂದ ಸದ್ಯಕ್ಕೆ ಇಳಿಸಿದಾರೆ."

ಲಾಂಡ್ರಿಯವನು ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಲು ಮುಖವಿಲ್ಲ. ಅಪ್ಪನೇ ಕರೆದರು. "ಬಾರಯ್ಯ, ಬದುಕಿರೋವಾಗಲೇ ನೋಡ್ಕೊಂಡು ಹೋಗು. ಫೋಟೋ ಚೆನ್ನಾಗಿ ಬಂದಿದೆಯಂತೆ." ಅವನು ಅತ್ತೇಬಿಟ್ಟ. ಆ ಹೊತ್ತಿಗೆ ಔಷಧಿ ಅಂಗಡಿಯವನು ಮಗಳ ಮನೆಯಿಂದ ಫೋನು ಮಾಡಿದ. ವಿಮಾನದಕ್ಕನ ಹತ್ತಿರ ಹತ್ತು ಸಲ ಕ್ಷಮೆ ಕೇಳಿ, ಕೊನೆಗೆ, "ನೀವು ಹೇಳಿದ್ದೇ ಸರಿ ಅಕ್ಕಾ, ವಿಮಾನದಲ್ಲಿ ಅದು ಇರಲೇಬಾರದು," ಅಂದ.

"ನನ್ನ ಕೇಳಬೇಡಿ," ಅಂದಳು. "ಬೇಡ ಅಂತ ನಾನು ಇನ್ನು ಯಾವ ಬಾಯಲ್ಲಿ ಹೇಳಲಿ? ಅದು ಇಲ್ದೇ ಇದ್ದಿದ್ರೆ ನೀವು ನನಗೆ ಹೇಳ್ತಿರಲಿಲ್ಲ. ಆದ್ರೆ ನೀವು ಹೇಳಿಬಿಟ್ಟ ಮೇಲೆ, ಅಪ್ಪನ ದನಿ ಕೇಳೋಕೆ ಅದು ಇಲ್ದೇ ಇದ್ದಿದ್ರೆ ನೆಲ ಮುಟ್ಟೋವರೆಗೂ ನಾನು ಏನಾಗ್ತಿದ್ದೆ? ಬೇಕು ಅನ್ನೋಕೂ ಬಾಯಿ ಬರ್ತಿಲ್ಲ."

ಎಲ್ಲರೂ ಹೋದ ಮೇಲೆ ಅಪ್ಪ ಮಗಳನ್ನು ಹತ್ತಿರ ಕೂರಿಸಿಕೊಂಡರು.

"ನಾನು ಹೋದೆ ಅಂತ ತಿಳಿದ ಮೇಲೂ ಕಾಫಿ ಕೊಟ್ಟೆಯಂತೆ?"

ಅವಳು ತಲೆ ಎತ್ತಲಿಲ್ಲ. "ಹ್ಞೂಂ. ಕೊನೆ ಸಾಲಿನವರೆಗೂ."

ಅಪ್ಪ ಮಗಳನ್ನೇ ನೋಡಿದರು. ಬೇರೆ ಯಾರದೋ ಮಗಳನ್ನು ನೋಡುವ ಹಾಗಿತ್ತು.

"ನಿಲ್ಲಿಸೋಣ ಅಂದ್ಕೊಂಡೆ ಅಪ್ಪ. ಕೈ ನನ್ನ ಮಾತು ಕೇಳಲಿಲ್ಲ. ಒಬ್ಬರು ಹಾಲು ಬೇಡ ಅಂದ್ರು, ಅದೂ ನೆನಪಿದೆ. ನಾನು ಎಂಥವಳು ಅಂತ ನಿನ್ನೆಯಿಂದ ಅದನ್ನೇ ಯೋಚಿಸ್ತಿದೀನಿ."

ಅಪ್ಪ ಅವಳ ಬಲಗೈ ಎಳೆದುಕೊಂಡು ಅಂಗೈ ಮಗುಚಿದರು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಚರ್ಮ ಕೆಂಪಗೆ ಉಬ್ಬಿ, ನಡುವೆ ನೀರು ತುಂಬಿದ ಬೊಬ್ಬೆ. ಕಾಫಿಯ ಜಗ್ಗನ್ನು ಹಿಡಿಕೆ ಬಿಟ್ಟು ಅದರ ಸುಡುವ ಮೈಗೇ ಅಂಗೈ ಕೊಟ್ಟು ಹಿಡಿದಿದ್ದಾಳೆ, ಸಾಲಿನಿಂದ ಸಾಲಿಗೆ.

ಅವಳು ತನ್ನ ಕೈಯನ್ನೇ ಬೆರಗಾಗಿ ನೋಡಿದಳು. "ಇದು ಯಾವಾಗ ಆಯ್ತು?"

"ಒಲೆ ಮುಂದೆ ಇದ್ದವನು ನಾನು," ಅಂದರು ಅಪ್ಪ. "ನೀನು ಒಳಗೆ ಬಂದು ಪೆಟ್ಟಿಗೆ ಎಡಗೈಗೆ ಬದಲಾಯಿಸಿದಾಗಲೇ ನೋಡಿದೆ." ಆಮೇಲೆ ನರ್ಸನ್ನು ಕೂಗಿದರು, ಆಸ್ಪತ್ರೆಯೇ ತಿರುಗಿ ನೋಡುವ ಹಾಗೆ: "ಅಮ್ಮಾ, ಮುಲಾಮು ತನ್ನಿ! ನನಗಲ್ಲ, ನನ್ನ ಮಗಳಿಗೆ!"